ಗೋಡೆಯಿಲ್ಲದ ಕೋಟೆಯಲ್ಲಿ ನಿಂತು

ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳ ಬಡವರಿಗೆ ಮುಂಬೈ ದುಡಿಯಲು ಹೋಗುವ ಊರು. ಮಳೆ ಕೈಕೊಟ್ಟ ವರ್ಷ ಗಂಡಹೆಂಡಿರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಕಲಬುರಗಿಯಲ್ಲಿ ರೈಲು ಹತ್ತುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ ಮುಟ್ಟುವ ಕೊನೆಯ ನಿಲ್ದಾಣದ ಎದುರಿಗೇ ಆ ದ್ವೀಪನಗರಿಯ ಹಳೆಯ ಭಾಗವಾದ ‘ಫೋರ್ಟ್’ ಇದೆ. ಅದೇ ಹಾದಿಯಲ್ಲಿ ಬಂದಿಳಿದು ಅಲ್ಲಿ ನಡೆದಾಡಿದ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ಈ ಕಲ್ಲುಗಳನ್ನು ಹೊತ್ತವರು ಯಾರು?

ಹೆಸರಿಗೆ ಫೋರ್ಟ್, ಕೋಟೆಯ ಗೋಡೆಗಳು ಮಾತ್ರ ಇಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದ ಆ ಗೋಡೆಗಳನ್ನು ಗವರ್ನರ್ ಬಾರ್ಟ್ಲ್ ಫ್ರೇರ್ 1860ರ ದಶಕದಲ್ಲಿ ಕೆಡವಿಸಿದ. 1718ರ ಸೇಂಟ್ ಥಾಮಸ್ ಚರ್ಚಿನತ್ತ ತೆರೆಯುತ್ತಿದ್ದ ಬಾಗಿಲಿನ ಹೆಸರು ಚರ್ಚ್‌ಗೇಟ್ ನಿಲ್ದಾಣದಲ್ಲಿ ಉಳಿದುಕೊಂಡಿದೆ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861–65) ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ನಿಂತು, ಮುಂಬೈ ಬಂದರಿನ ಹತ್ತಿಗೆ ಬಂಗಾರದ ಬೆಲೆ ಬಂದಿತು. ಆ ಹಣ ಮತ್ತು ಗೋಡೆ ಬಿದ್ದು ತೆರವಾದ ನೆಲ, ಇವೆರಡೂ ಕೂಡಿ ಬಂದುದರಿಂದಲೇ ಇಂದು ನಾವು ಬೆರಗಿನಿಂದ ನೋಡುವ ಕಟ್ಟಡಗಳು ಎದ್ದುನಿಂತವು. 1888ರಲ್ಲಿ ಪೂರ್ಣಗೊಂಡ ರೈಲು ನಿಲ್ದಾಣ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ವಾಸ್ತುಶಿಲ್ಪಿ ಎಫ್. ಡಬ್ಲ್ಯೂ. ಸ್ಟೀವನ್ಸ್‌ನ ಹೆಸರನ್ನು ಇತಿಹಾಸ ಮರೆತಿಲ್ಲ. ಕಲ್ಲು ಒಡೆದವರ, ಸುಣ್ಣ ಅರೆದವರ ಹೆಸರುಗಳನ್ನು ನಾನು ಯಾವ ಫಲಕದಲ್ಲೂ ಕಾಣಲಿಲ್ಲ.

ನೂರೈವತ್ತು ವರ್ಷಗಳ ಹಿಂದಿನ ಆ ಮರೆವನ್ನು ಈಗ ಸರಿಪಡಿಸಲಾಗದು. ಆದರೆ ಇಂದಿನ ಮುಂಬೈಯ ಗಗನಚುಂಬಿಗಳಿಗೆ ಕಬ್ಬಿಣ ಕಟ್ಟುವ, ಮರಳು ಹೊರುವ ನಮ್ಮವರ ವಿಷಯದಲ್ಲೂ ಅದೇ ಮರೆವು ಮುಂದುವರಿಯಬೇಕೇ? 2020ರ ಲಾಕ್‌ಡೌನ್‌ನಲ್ಲಿ ಮಹಾರಾಷ್ಟ್ರದಿಂದ ಕಲಬುರಗಿ ಜಿಲ್ಲೆಗೆ ಸಾವಿರಾರು ಜನ ಮರಳಿದಾಗಷ್ಟೇ ಅವರು ನಾಡಿನ ಕಣ್ಣಿಗೆ ಬಿದ್ದರು. ರೈಲುಗಳು ಮತ್ತೆ ಓಡತೊಡಗಿದೊಡನೆ ಕಣ್ಮರೆಯಾದರು.

ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಹೊರಟವರ ಹೆಸರು, ಕೆಲಸದ ಸ್ಥಳ, ಗುತ್ತಿಗೆದಾರನ ವಿವರಗಳನ್ನು ಒಂದು ವಹಿಯಲ್ಲಿ ಬರೆದಿಡುವುದು ಕಷ್ಟದ ಕೆಲಸವಲ್ಲ. ಅಪಘಾತವಾದಾಗ ಪರಿಹಾರ ಕೇಳಲು, ಕೂಲಿ ಬಾಕಿ ಉಳಿದಾಗ ದೂರು ಕೊಡಲು, ಹಿಂದೆ ಉಳಿದ ಮಕ್ಕಳ ಶಾಲೆ ತಪ್ಪದಂತೆ ನೋಡಿಕೊಳ್ಳಲು ಆ ವಹಿಯೇ ಆಧಾರವಾದೀತು. ಕಟ್ಟಡಗಳ ಪರಂಪರೆಯನ್ನು ಕಾಯುವ ನಾಡು, ಕಟ್ಟುವವರ ಲೆಕ್ಕವನ್ನಾದರೂ ಇಡಬೇಡವೇ?