ಮುಖಬೆಲೆ ಹತ್ತು, ಮೌಲ್ಯ ಎಷ್ಟು?

ಬ್ಯಾಂಕುಗಳ ತವರು ಎನಿಸಿಕೊಂಡ ಕರಾವಳಿ ನಮ್ಮದು. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದವು. ಮಂಗಳೂರಿನಲ್ಲಿ 1931ರಲ್ಲಿ ವಿಜಯಾ ಬ್ಯಾಂಕ್ ಶುರುವಾಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಅನೇಕ ಮನೆಗಳಲ್ಲಿ ಈ ಬ್ಯಾಂಕುಗಳ ಷೇರುಗಳಿದ್ದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಸಾವಿರ ಷೇರು ಇದ್ದವರಿಗೆ ಸಿಕ್ಕಿದ್ದು ಕ್ರಮವಾಗಿ 402, 158 ಮತ್ತು 330 ಹೊಸ ಷೇರು.

ಈ ಅಂಕಿಗಳನ್ನು ಕಂಡವರಿಗೆ ಸಾವಿರಕ್ಕೆ ಇಷ್ಟೇ ಏಕೆ ಎಂಬ ಅನುಮಾನ ಸಹಜವಾಗಿಯೇ ಬರುತ್ತದೆ. ಉತ್ತರ ಬೇಕಾದರೆ ಷೇರು, ಬಾಂಡು, ಸಾಲಪತ್ರಗಳಿಗೆ ಕಂಪನಿಗಳು ಮೌಲ್ಯ ಕಟ್ಟುವ ಬಗೆ ತಿಳಿದಿರಬೇಕು. ಲೆಕ್ಕಪತ್ರದವರು ಇದನ್ನು ಫೇರ್ ವ್ಯಾಲ್ಯೂ, ನ್ಯಾಯಯುತ ಮೌಲ್ಯ ಎನ್ನುತ್ತಾರೆ. ಅದರ ಸುತ್ತ ಬೆಳೆದಿರುವ ಕೆಲವು ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಷೇರಿನ ಮೇಲೆ ಅಚ್ಚಾದ ಬೆಲೆಯೇ ಅದರ ಮೌಲ್ಯ.

ಸತ್ಯ: ಮುಖಬೆಲೆ ಎಂದರೆ ಬಂಡವಾಳವನ್ನು ಎಷ್ಟೆಷ್ಟರ ಪಾಲಾಗಿ ಹಂಚಿದ್ದಾರೆ ಎಂಬ ಲೆಕ್ಕವಷ್ಟೇ. ಸಿಂಡಿಕೇಟ್ ಮತ್ತು ಕೆನರಾ ಎರಡರ ಷೇರಿನ ಮುಖಬೆಲೆಯೂ 10 ರೂಪಾಯಿಯೇ ಆಗಿತ್ತು, ಮೌಲ್ಯ ಮಾತ್ರ ಒಂದೇ ಆಗಿರಲಿಲ್ಲ. ವಿಲೀನದ ಅನುಪಾತವನ್ನು ಮೌಲ್ಯಮಾಪಕರು ಎರಡೂ ಬ್ಯಾಂಕುಗಳ ಷೇರಿನ ಮೌಲ್ಯ ತೂಗಿ ಹೇಳುತ್ತಾರೆ. ಮಾರುಕಟ್ಟೆ ದರ, ಗಳಿಸುವ ಶಕ್ತಿ, ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ಮೊತ್ತ ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕು 10 ರೂಪಾಯಿಯ ಒಂದು ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ಒಡೆಯಿತು. ಸಿಂಡಿಕೇಟಿನ ಸಾವಿರಕ್ಕೆ ಬಂದ 158 ಷೇರು ಹೀಗೆ 790 ಆಯಿತು. ಇದರಿಂದ ಯಾರೂ ಶ್ರೀಮಂತರಾಗಲಿಲ್ಲ, ಯಾರೂ ಕಳೆದುಕೊಳ್ಳಲೂ ಇಲ್ಲ.

ತಪ್ಪು ಕಲ್ಪನೆ 2: ಕೊಂಡ ಬೆಲೆಯನ್ನೇ ಲೆಕ್ಕದಲ್ಲಿ ಇಟ್ಟುಕೊಳ್ಳುವುದು ನ್ಯಾಯ.

ಸತ್ಯ: ಭಾರತದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 113 ಕೇಳುವುದು ಬೇರೆಯದೇ ಪ್ರಶ್ನೆ. ಲೆಕ್ಕ ಮುಗಿಸುವ ದಿನ, ವಿಷಯ ಬಲ್ಲ ಕೊಳ್ಳುವವರು ಮಾರುವವರ ನಡುವೆ, ಒತ್ತಡವಿಲ್ಲದ ಸಹಜ ವ್ಯವಹಾರದಲ್ಲಿ ಇದನ್ನು ಮಾರಿದರೆ ಎಷ್ಟು ಕೈಗೆ ಬರುತ್ತದೆ? ಗಂಗೊಳ್ಳಿ ಬಂದರಿನ ಏಲಂನಲ್ಲಿ ಬಂಗುಡೆಯ ಬೆಲೆ ನಿಲ್ಲುವುದು ಆ ದಿನದ ಕೂಗಿನ ಮೇಲೆ. ದೋಣಿ ಎಷ್ಟು ಡೀಸೆಲ್ ಸುಟ್ಟಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಫೇರ್ ವ್ಯಾಲ್ಯೂ ಕೂಡ ಹಾಗೆಯೇ: ನಾವು ಸುರಿದ ದುಡ್ಡು ಅದನ್ನು ನಿರ್ಧರಿಸುವುದಿಲ್ಲ.

ತಪ್ಪು ಕಲ್ಪನೆ 3: ಇದೆಲ್ಲ ಅಂದಾಜು, ಕಂಪನಿ ತನಗೆ ಬೇಕಾದ ಅಂಕಿ ಬರೆದುಕೊಳ್ಳುತ್ತದೆ.

ಸತ್ಯ: ಅಂಕಿಯ ಹಿಂದಿರುವ ಆಧಾರ ಎಷ್ಟು ಗಟ್ಟಿ ಎಂಬುದನ್ನೂ ಕಂಪನಿ ಬಹಿರಂಗವಾಗಿ ಹೇಳಲೇಬೇಕು. ಅದಕ್ಕೆಂದೇ ಮೂರು ಹಂತಗಳಿವೆ.

ಲೆವೆಲ್ 1 ಎಂದರೆ ಅದೇ ವಸ್ತುವಿಗೆ ಸಕ್ರಿಯ ಮಾರುಕಟ್ಟೆಯಲ್ಲಿರುವ ದರ. ಒಂದು ಕಂಪನಿಯ ಬಳಿ ಕರ್ಣಾಟಕ ಬ್ಯಾಂಕಿನ ಷೇರುಗಳಿದ್ದರೆ, ಆ ದಿನದ ಷೇರುಪೇಟೆಯ ದರವನ್ನು ಷೇರುಗಳ ಸಂಖ್ಯೆಯಿಂದ ಗುಣಿಸಿದರೆ ಮುಗಿಯಿತು. ಒಟ್ಟಿಗೆ ಮಾರಲು ಹೋದರೆ ಬೆಲೆ ಇಳಿದೀತು ಎಂದು ಕಡಿಮೆ ಮಾಡುವಂತಿಲ್ಲ, ನಾಳೆ ಏರುತ್ತದೆ ಎಂದು ಸೇರಿಸುವಂತೆಯೂ ಇಲ್ಲ.

ಲೆವೆಲ್ 2ರಲ್ಲಿ ನೇರ ದರ ಇರುವುದಿಲ್ಲ, ಆದರೆ ಲೆಕ್ಕ ಕಟ್ಟಲು ಬೇಕಾದ ಅಂಶಗಳು ಮಾರುಕಟ್ಟೆಯಲ್ಲಿ ಕಾಣಸಿಗುತ್ತವೆ. ಆಫ್ರಿಕಾದಿಂದ ಕಚ್ಚಾ ಗೇರುಬೀಜ ತರಿಸುವ ಕಂಪನಿಯೊಂದು ಮೂರು ತಿಂಗಳ ಬಳಿಕ ಡಾಲರಿಗೆ 84 ರೂಪಾಯಿಯಂತೆ ಒಂದು ಲಕ್ಷ ಡಾಲರ್ ಕೊಳ್ಳುವ ಫಾರ್ವರ್ಡ್ ಕರಾರು ಮಾಡಿಕೊಂಡಿದೆ ಎಂದಿಟ್ಟುಕೊಳ್ಳಿ. ಲೆಕ್ಕ ಮುಗಿಸುವ ದಿನ ಅದೇ ಗಡುವಿನ ಕರಾರಿನ ದರ 85 ಇದ್ದರೆ ವ್ಯತ್ಯಾಸ ಒಂದು ಲಕ್ಷ ರೂಪಾಯಿ. ಗಡುವಿಗೆ ಉಳಿದ ದಿನಗಳ ಬಡ್ಡಿಯನ್ನು ಅದರಿಂದ ಕಳೆದರೆ ಆ ಕರಾರಿನ ಫೇರ್ ವ್ಯಾಲ್ಯೂ ಸಿಗುತ್ತದೆ.

ಲೆವೆಲ್ 3ರಲ್ಲಿ ಎಚ್ಚರ ಹೆಚ್ಚು ಬೇಕು. ಷೇರುಪೇಟೆಯಲ್ಲಿಲ್ಲದ ಕಂಪನಿಯಲ್ಲಿ ಹೂಡಿದ ಹಣಕ್ಕೆ ಮಾರುಕಟ್ಟೆಯ ಸಾಕ್ಷಿ ಇರುವುದಿಲ್ಲ, ಮುಂದೆ ಬರಬಹುದಾದ ಹಣವನ್ನು ಊಹಿಸಿ ಇಂದಿನ ಬೆಲೆಗೆ ಇಳಿಸಬೇಕಾಗುತ್ತದೆ. ವರ್ಷಕ್ಕೆ 10 ಲಕ್ಷ ರೂಪಾಯಿ ನಿರಂತರವಾಗಿ ಬರುತ್ತದೆ ಎನ್ನೋಣ. ಹೂಡಿಕೆದಾರ ಬಯಸುವ ಪ್ರತಿಫಲ ಶೇ. 12 ಎಂದು ಹಿಡಿದರೆ ಮೌಲ್ಯ ಸುಮಾರು 83.3 ಲಕ್ಷ, ಶೇ. 15 ಎಂದರೆ 66.7 ಲಕ್ಷ. ಒಂದೇ ಊಹೆ ಬದಲಾಗಿದ್ದಕ್ಕೆ ಹತ್ತಿರಹತ್ತಿರ 17 ಲಕ್ಷದ ವ್ಯತ್ಯಾಸ! ಆದ್ದರಿಂದಲೇ ಯಾವ ಊಹೆ ಬಳಸಿದ್ದೇವೆ, ಅದು ಬದಲಾದರೆ ಮೌಲ್ಯ ಎಷ್ಟು ಬದಲಾಗುತ್ತದೆ ಎಂಬುದನ್ನು ಕಂಪನಿ ವಾರ್ಷಿಕ ವರದಿಯಲ್ಲಿ ತಿಳಿಸಬೇಕು. ಮೌಲ್ಯ ಕಟ್ಟುವ ಹೊಣೆ ಆಡಳಿತ ಮಂಡಳಿಯದು, ಅದನ್ನು ಪರೀಕ್ಷಿಸುವ ಹೊಣೆ ಲೆಕ್ಕಪರಿಶೋಧಕರದು.

ತಪ್ಪು ಕಲ್ಪನೆ 4: ಕಂಪನಿಯ ಬಳಿ ಇರುವ ಎಲ್ಲದಕ್ಕೂ ಮಾರುಕಟ್ಟೆ ಬೆಲೆಯೇ ಲೆಕ್ಕ.

ಸತ್ಯ: ಅಸಲು ಮತ್ತು ಬಡ್ಡಿ ಪಡೆಯುವುದಕ್ಕಷ್ಟೇ ಇಟ್ಟುಕೊಂಡ ಠೇವಣಿ, ಸಾಲ, ಬಾಂಡುಗಳನ್ನು ಇಂಡ್ ಎಎಸ್ 109 ಪ್ರಕಾರ ಬೇರೆ ರೀತಿ ಅಳೆಯುತ್ತಾರೆ. ಅವುಗಳಿಗೆ ಬಡ್ಡಿಯ ಲೆಕ್ಕದಲ್ಲಿ ಹಂತಹಂತವಾಗಿ ಸಾಗುವ ವೆಚ್ಚಾಧಾರಿತ ಮೌಲ್ಯ ಇರುತ್ತದೆ. ಶೇ. 7 ಬಡ್ಡಿಯ, ಹತ್ತು ವರ್ಷದ, 100 ರೂಪಾಯಿಯ ಸರ್ಕಾರಿ ಬಾಂಡು ಕೊಂಡ ಬಳಿಕ ಬಡ್ಡಿದರ ಶೇ. 8ಕ್ಕೆ ಏರಿದರೆ ಅದರ ಪೇಟೆ ಬೆಲೆ ಸುಮಾರು 93.3 ರೂಪಾಯಿಗೆ ಇಳಿಯುತ್ತದೆ. ಅವಧಿ ಮುಗಿಯುವ ತನಕ ಇಟ್ಟುಕೊಳ್ಳುವವರಿಗೆ 100 ರೂಪಾಯಿ ಸಿಕ್ಕೇ ಸಿಗುತ್ತದೆ, ಮಾರಾಟಕ್ಕೆಂದು ಇಟ್ಟುಕೊಂಡವರು ಇಳಿಕೆಯನ್ನು ಲೆಕ್ಕದಲ್ಲಿ ತೋರಿಸಲೇಬೇಕು. ಬ್ಯಾಂಕುಗಳಿಗೆ ಇಂಡ್ ಎಎಸ್ ಜಾರಿಯನ್ನು ರಿಸರ್ವ್ ಬ್ಯಾಂಕು 2019ರಲ್ಲಿ ಮುಂದೂಡಿತು. ಆದರೆ 2024ರ ಏಪ್ರಿಲ್ 1ರಿಂದ ವಾಣಿಜ್ಯ ಬ್ಯಾಂಕುಗಳ ಹೂಡಿಕೆಗೆ ಇದೇ ಮೂರು ಹಂತಗಳ ಪದ್ಧತಿಯನ್ನು ತಂದಿತು.

ತಪ್ಪು ಕಲ್ಪನೆ 5: ಸೊಸೈಟಿಯ ಷೇರಿಗೂ ಇದೇ ಲೆಕ್ಕ.

ಸತ್ಯ: ಇಂಡ್ ಎಎಸ್ ಮುಖ್ಯವಾಗಿ ಷೇರುಪೇಟೆಯ ಕಂಪನಿಗಳಿಗೆ ಮತ್ತು 250 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಿವ್ವಳ ಮೌಲ್ಯದ ಇತರ ಕಂಪನಿಗಳಿಗೆ. ಸಹಕಾರಿ ಸಂಘಗಳ ದಾರಿ ಬೇರೆ. ಊರ ಕೃಷಿ ಪತ್ತಿನ ಸಂಘದ ಷೇರಾಗಲಿ, ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆಗೆಂದು ರೈತರು ಕೊಂಡ ಷೇರಾಗಲಿ ಪೇಟೆಯಲ್ಲಿ ಕೈ ಬದಲಾಗುವಂಥದ್ದಲ್ಲ. ಅದು ಸದಸ್ಯತ್ವದ ಪಾಲು.

ತಪ್ಪು ಕಲ್ಪನೆ 6: ಪೇಟೆ ಕುಸಿದ ದಿನದ ಬೆಲೆಯನ್ನು ಬದಿಗಿಡಬಹುದು.

ಸತ್ಯ: 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ, ಅಂದರೆ ಶೇ. 13ಕ್ಕೂ ಹೆಚ್ಚು ಬಿತ್ತು. ಎಂಟು ದಿನದಲ್ಲಿ ವರ್ಷದ ಲೆಕ್ಕ ಮುಗಿಯಬೇಕಿತ್ತು. ಮಾರ್ಚ್ 31ರ ದರ ಕಡಿಮೆಯೆಂದು ಯಾರೂ ಫೆಬ್ರುವರಿಯ ದರ ಹಾಕಿಕೊಳ್ಳುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಮಾರಿದ ಒಂಟಿ ವ್ಯವಹಾರವನ್ನು ಮಾನದಂಡ ಕಡೆಗಣಿಸಬಹುದು. ಆದರೆ ಸಾವಿರಾರು ಜನ ಕೊಂಡು ಮಾರುತ್ತಿರುವ ಪೇಟೆ ಕುಸಿದ ಮಾತ್ರಕ್ಕೆ ಅದನ್ನು ಬಲವಂತದ ಮಾರಾಟ ಎನ್ನಲಾಗದು.

ತಪ್ಪು ಕಲ್ಪನೆ 7: ಮೌಲ್ಯ ಏರಿದರೆ ಲಾಭ ಬಂತು, ಹಂಚಿಕೊಳ್ಳಬಹುದು.

ಸತ್ಯ: ಏರಿಕೆ ಲೆಕ್ಕದಲ್ಲಿ ಕಂಡರೂ ಹಣ ಕೈಗೆ ಬಂದಿರುವುದಿಲ್ಲ. 2013ರ ಕಂಪನಿ ಕಾಯ್ದೆಯ 123ನೇ ಕಲಂ ಪ್ರಕಾರ ಡಿವಿಡೆಂಡಿಗೆ ಲಾಭ ಲೆಕ್ಕ ಹಾಕುವಾಗ ಇಂಥ ಏರಿಕೆಯನ್ನು ಹೊರಗಿಡಬೇಕು.

ಷೇರು ಹೊಂದಿದವರು ಕಂಪನಿಯ ಪಾಲುದಾರರು, ಲೆಕ್ಕ ಕೇಳುವುದು ಅವರ ಹಕ್ಕು. ವಾರ್ಷಿಕ ವರದಿ ಬಂದಾಗ ಡಿವಿಡೆಂಡಿನ ಸಾಲು ಓದಿ ಮಡಚಿಡಬೇಡಿ. ಹಿಂಬದಿಯ ಟಿಪ್ಪಣಿಗಳಲ್ಲಿ ಫೇರ್ ವ್ಯಾಲ್ಯೂ ಪಟ್ಟಿ ಹುಡುಕಿ. ಲೆವೆಲ್ 3ರಲ್ಲಿ ಎಷ್ಟು ಹಣವಿದೆ, ಹೋದ ವರ್ಷಕ್ಕಿಂತ ಹೆಚ್ಚಾಗಿದೆಯೇ, ಬಳಸಿದ ಊಹೆ ಬದಲಾಗಿದೆಯೇ ಎಂದು ನೋಡಿ. ತಿಳಿಯದಿದ್ದರೆ ವಾರ್ಷಿಕ ಮಹಾಸಭೆಯಲ್ಲಿ ಕೇಳಿ. ಹತ್ತು ಷೇರು ಇದ್ದವರಿಗೂ ಅಲ್ಲಿ ಪ್ರಶ್ನೆ ಕೇಳುವ ಅಧಿಕಾರ ಇದೆ.