ಎರಡನೆಯ ಗಡಿಯಾರ

ಗಡಿಯಾರವನ್ನು ಕೊಳ್ಳುವವರು ಬಹುಮಂದಿ. ದುರಸ್ತು ಮಾಡುವವರು ಕೆಲವರು. ಅದರ ಚಕ್ರ, ಮುಳ್ಳು, ಮುಖ, ಕವಚಗಳನ್ನೆಲ್ಲ ತಾನೊಬ್ಬನೇ ಕೈಯಾರೆ ನಿರ್ಮಿಸತಕ್ಕವನು ಅತಿವಿರಳ. ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ (1926–2011) ಅಂತಹವನು. ಹಿಂದೆ ಪ್ಯಾರಿಸ್ ನಗರದಲ್ಲಿ ರಾಜಮಹಾರಾಜರಿಗೆ ಗಡಿಯಾರಗಳನ್ನು ರಚಿಸಿಕೊಡುತ್ತಿದ್ದ ಬ್ರೆಗೆಯ ಕೃತಿಗಳೇ ಆತನಿಗೆ ಆದರ್ಶ. ಡೇನಿಯಲ್ಸನು ತನ್ನ ವಿದ್ಯೆಯನ್ನು ಬಚ್ಚಿಡದೆ 1981ನೆಯ ಇಸವಿಯಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು.

ಆ ಗ್ರಂಥವನ್ನೇ ಗುರುವೆಂದು ನಂಬಿ, ರೋಜರ್ ಸ್ಮಿತ್ ಎಂಬ ತರುಣನು ಮನೆಯಲ್ಲಿಯೇ ಒಂದು ಜೇಬುಗಡಿಯಾರವನ್ನು ಮಾಡಿದನು. ಅದರಲ್ಲಿ, ಬ್ರೆಗೆಯು 1801ರಲ್ಲಿ ಹಕ್ಕುಪತ್ರ ಪಡೆದ ಟೂರ್ಬಿಯೋನ್ ಎಂಬ ಉಪಾಯವಿದ್ದಿತು. ಓಟವನ್ನು ನಿಯಮಿಸುವ ಭಾಗಗಳು ಸಣ್ಣ ಪಂಜರವೊಂದರಲ್ಲಿ ಸುತ್ತುತ್ತ, ಗಡಿಯಾರದ ನಿಲುವಿನಿಂದ ಒದಗುವ ತಪ್ಪುಗಳನ್ನು ಪರಸ್ಪರ ಸರಿದೂಗಿಸುವುದೇ ಅದರ ಮರ್ಮ. ಡೇನಿಯಲ್ಸನು ಅದನ್ನು ಪರೀಕ್ಷಿಸಿ, ಕೈಕೆಲಸದ ಗುರುತು ಎದ್ದು ಕಾಣುತ್ತದೆಂದೂ ಮತ್ತೆ ಮೊದಲಿನಿಂದ ಆರಂಭಿಸಬೇಕೆಂದೂ ಹೇಳಿಬಿಟ್ಟನು.

ಸ್ಮಿತ್ ಎದೆಗುಂದಲಿಲ್ಲ. ಮಾಡಿದ ಭಾಗಗಳನ್ನೇ ಮತ್ತೆ ಮತ್ತೆ ಮಾಡುತ್ತ, ಐದು ವರ್ಷಗಳಿಗೂ ಮೇಲ್ಪಟ್ಟು ಶ್ರಮಿಸಿ, 1997ರಲ್ಲಿ ಎರಡನೆಯ ಗಡಿಯಾರವನ್ನು ಕೊಂಡೊಯ್ದನು. ಒಂದೊಂದು ಭಾಗವನ್ನೂ ತೋರಿಸಿ, ಇದನ್ನು ಮಾಡಿದವರಾರು ಎಂದು ಡೇನಿಯಲ್ಸನು ಕೇಳಿದನು. ಎಲ್ಲಕ್ಕೂ ‘ನಾನೇ’ ಎಂಬುದೊಂದೇ ಉತ್ತರ. ಮರುವರ್ಷ ಮ್ಯಾನ್ ದ್ವೀಪದ ತನ್ನ ಕಾರ್ಯಾಗಾರದಲ್ಲಿ ಕೈಗಡಿಯಾರಗಳ ನಿರ್ಮಾಣಕ್ಕೆ ಆತನನ್ನೇ ಜೊತೆಗಾರನನ್ನಾಗಿ ಮಾಡಿಕೊಂಡನು. 2001ರಲ್ಲಿ ಸ್ಮಿತ್ ಅದೇ ದ್ವೀಪದಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು.

ಉಪಾಧ್ಯಾಯವೃತ್ತಿಯಲ್ಲಿದ್ದಾಗ ನಾನು ಎಷ್ಟೋ ಬಾಲಕರ ಪ್ರಥಮ ಪ್ರಯತ್ನಕ್ಕೇ ‘ಭೇಷ್’ ಎಂದು ಬರೆದು ಕಳುಹಿಸಿದ್ದೇನೆ. ಅದು ವಾತ್ಸಲ್ಯವೆಂದೇ ಎಣಿಸಿದ್ದೆನು. ಅವರಲ್ಲಿ ಎಷ್ಟು ಮಂದಿ ತಮ್ಮ ಎರಡನೆಯ ಗಡಿಯಾರವನ್ನು ಮಾಡದೆಯೇ ಉಳಿದರೋ ಎಂಬ ಚಿಂತೆ ಈಗ ನನ್ನನ್ನು ಬಾಧಿಸುತ್ತದೆ.