ಬೆನ್ನಿನ ಮೇಲೆ ತೆವಳುವ ಹುಳು, ಬೇರು ತಿನ್ನುವ ಹುಳು

ಕುಂಡದ ಮಣ್ಣು ಒದ್ದೆಯಾಗಿದ್ದರೂ ಗಿಡ ನಡುಹಗಲಿಗೆ ಜೋತುಬೀಳುತ್ತಿದ್ದರೆ, ಮತ್ತೊಂದು ಚೆಂಬು ನೀರು ಸುರಿಯುವ ಮೊದಲು ಅದರ ಬುಡ ಹಿಡಿದು ಮೆಲ್ಲನೆ ಎಳೆದು ನೋಡಬೇಕು. ಸಡಿಲವಾಗಿ ಮೇಲೆದ್ದು ಬಂದ ಗಿಡದ ಬೇರುಗಳು ಕಪ್ಪಾಗಿ ಲೋಳೆಗಟ್ಟಿದ್ದರೆ ಅದು ನೀರು ಹೆಚ್ಚಾಗಿ ಬಂದ ಕೊಳೆರೋಗ. ಬಣ್ಣ ಕೆಡದೆ ಮೊಟಕಾಗಿ ಕಡಿದುಹೋಗಿದ್ದರೆ ಅದು ಗೊಣ್ಣೆಹುಳುವಿನ ಕೆಲಸ.

ಮಣ್ಣದುಂಬಿಗಳ ಮರಿಹುಳುವಿಗೆ, ಅಂದರೆ ಮೊಟ್ಟೆಯಿಂದ ಹೊರಬಂದು ಕೋಶವಾಗುವವರೆಗಿನ ಹಂತಕ್ಕೆ, ಕಬ್ಬು ಬೆಳೆಗಾರರು ಗೊಣ್ಣೆಹುಳು ಎನ್ನುತ್ತಾರೆ, ಅಡಿಕೆ ತೋಟದವರು ಬೇರುಹುಳು ಎನ್ನುತ್ತಾರೆ. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಸಂಜೆ ಈ ದುಂಬಿಗಳು ನೆಲದಿಂದೆದ್ದು ಬೇವಿನಂಥ ಮರಗಳ ಎಲೆ ಮೇದು, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಮೂರು ಹಂತಗಳಲ್ಲಿ ಬೆಳೆಯುವ ಮರಿಹುಳುವಿನ ಕೊನೆಯ ಹಂತವೇ ಅತ್ಯಂತ ಹೊಟ್ಟೆಬಾಕ; ಹೊಲದಲ್ಲಾದರೆ ಪಕ್ಕದ ಗಿಡಕ್ಕೆ ಸರಿಯಬಲ್ಲ ಹುಳು ಕುಂಡದಲ್ಲಿ ಇರುವ ಒಂದೇ ಗಿಡವನ್ನು ಮುಗಿಸುವುದರಿಂದ, ಎರಡು ಹುಳು ಸಿಕ್ಕರೂ ಉಪೇಕ್ಷಿಸುವಂತಿಲ್ಲ.

ಆದರೆ ಕುಂಡದಲ್ಲಿ ಸಿಗುವ ಬಿಳಿ ಹುಳುಗಳೆಲ್ಲ ಬೇರು ತಿನ್ನುವವಲ್ಲ. ಅರೆಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಬರುವ ಎಷ್ಟೋ ಹುಳುಗಳು ಕೊಳೆತ ಸೊಪ್ಪು-ಸಗಣಿಯನ್ನೇ ತಿಂದು ಅದನ್ನು ಹಿಕ್ಕೆಯಾಗಿ ಪುಡಿಮಾಡುವಂಥವು. ಎಲ್ಲವೂ ಅರ್ಧಚಂದ್ರದಂತೆ ಬಾಗಿದ ಬಿಳಿ ಮೈ, ಕಂದು ತಲೆ, ಎದೆಯ ಬಳಿ ಮೂರು ಜೊತೆ ಕಾಲು ಉಳ್ಳವಾದ್ದರಿಂದ ನೋಟಕ್ಕೆ ಒಂದೇ. ನಡೆಯಲ್ಲಿ ಮಾತ್ರ ಭೇದವಿದೆ. ಹಳೆಯ ಪತ್ರಿಕೆಯ ಮೇಲೆ ಬಿಟ್ಟಾಗ ಗೊಬ್ಬರ ತಿನ್ನುವ ಗುಂಪಿನ ಹೂದುಂಬಿಯ ಮರಿಹುಳು ಕಾಲುಗಳನ್ನು ಆಕಾಶಕ್ಕೆ ಮಾಡಿ, ಅಂಗಾತ ಬಿದ್ದು, ಬೆನ್ನಿನ ಮಡಿಕೆಗಳನ್ನೇ ಊರಿಕೊಂಡು ಚುರುಕಾಗಿ ತೆವಳುತ್ತದೆ, ಬೇರು ತಿನ್ನುವ ಹುಳುವೋ ಮಗ್ಗುಲಾಗಿ ಸುರುಟಿಕೊಂಡೇ ಉಳಿಯುತ್ತದೆ. ಬೆನ್ನಿನ ಮೇಲೆ ನಡೆಯುವ ಹುಳುವನ್ನು ಕೊಲ್ಲದೆ ಗೊಬ್ಬರದ ಗುಂಡಿಗೆ ಸೇರಿಸುವುದು ಸರಿ. ಹೆಬ್ಬೆರಳಿನಷ್ಟು ದಪ್ಪನೆಯ, ಮಗ್ಗುಲಾಗಿ ಮಲಗುವ ಹುಳು ರೈನೋಸರಸ್ ದುಂಬಿಯದಿರಬಹುದು. ಅದು ಕುಂಡಕ್ಕೆ ಅಪಾಯಕಾರಿಯಲ್ಲದಿದ್ದರೂ ಬೆಳೆದ ಮೇಲೆ ತೆಂಗಿನ ಸುಳಿ ಕೊರೆಯುವುದರಿಂದ ಕ್ಷಮೆಗೆ ಅರ್ಹವಲ್ಲ.

ನಿಯಂತ್ರಣಕ್ಕೆ ಕೈಯೇ ಮೊದಲ ಉಪಕರಣ. ಕುಂಡವನ್ನು ಗೋಣಿಯ ಮೇಲೆ ಬೋರಲು ಹಾಕಿ, ಹುಳುಗಳನ್ನು ಹೆಕ್ಕಿ ಸೋಪಿನ ನೀರಿಗೆ ಹಾಕಿ, ಬೇರು ತೊಳೆದು, ಕಳೆದುಕೊಂಡ ಬೇರಿಗೆ ತಕ್ಕಷ್ಟು ರೆಂಬೆಗಳನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಟ್ಟು ಕೆಲದಿನ ನೆರಳಿನಲ್ಲಿಡಬೇಕು. ಕರಿಬೇವು, ತುಳಸಿ, ಕೊತ್ತಂಬರಿಯಂಥ ಅಡುಗೆ-ಪೂಜೆಯ ಗಿಡಗಳಿಗೆ ಹರಳು ವಿಷ ಉದುರಿಸುವ ಅವಸರ ಸಲ್ಲದು. ಕುಂಡಗಳು ಬಹಳವಿದ್ದಲ್ಲಿ ಜೀವಿಗಳ ನೆರವು ಪಡೆಯಬಹುದು: 1879ರಲ್ಲಿ ವಿಜ್ಞಾನಿ ಮೆಚ್ನಿಕಾಫ್ ಗೋಧಿಯ ದುಂಬಿಯ ಮೇಲೆ ಗುರುತಿಸಿದ, ಇಂದು ಮೆಟಾರೈಜಿಯಂ ಎನಿಸಿಕೊಂಡ ಶಿಲೀಂಧ್ರವು ಹುಳುವಿನ ಚರ್ಮವನ್ನೇ ತೂರಿ ಒಳಹೋಗಿ, ಕೊಂದು, ಶವದ ಮೇಲೆ ಹಸಿರು ಪುಡಿಯಾಗಿ ಹರಡುತ್ತದೆ. ಹೆಟೆರೊರಾಬ್ಡಿಟಿಸ್ ಎಂಬ, ಬರಿಗಣ್ಣಿಗೆ ಕಾಣದ ದುಂಡುಹುಳು ತನ್ನ ಕರುಳಿನ ಬ್ಯಾಕ್ಟೀರಿಯಾವನ್ನು ಗೊಣ್ಣೆಹುಳುವಿನ ರಕ್ತಕ್ಕೆ ಬಿಟ್ಟು ಕೊಲ್ಲುತ್ತದೆ; ಸತ್ತ ಹುಳು ಇಟ್ಟಿಗೆ ಬಣ್ಣಕ್ಕೆ ತಿರುಗುವುದೇ ಅದರ ಗುರುತು. ಇವೆರಡಕ್ಕೂ ತೇವವಿರುವ ಮಣ್ಣು ಬೇಕು, ಬಿಸಿಲು ಆಗದು. ಆದ್ದರಿಂದ ಸಂಜೆ ಹಾಕಿದರೇ ಫಲ.

ಗೊಬ್ಬರವನ್ನು ಚೆನ್ನಾಗಿ ಕಳಿತ ಮೇಲೆಯೇ ಜರಡಿ ಹಿಡಿದು ಬಳಸುವುದು, ಮುಂಗಾರಿಗೆ ಮುಂಚಿನ ಆ ಕೆಲವು ವಾರಗಳಲ್ಲಿ ಕುಂಡದ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟುವುದು, ಇಷ್ಟಾದರೆ ಮುಂದಿನ ವರ್ಷ ಗೋಣಿ ಹಾಸುವ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ.